ಅಲಾರಂ ಯಾರ ಫೋನಿಗೆ ಬರಬೇಕು?

ಮುಂಬಾಗಿಲಿಗೆ ಹೊರಗಿನಿಂದ ಹಾಕಿದ ತೂಗುಬೀಗ ಎರಡು ಕೆಲಸ ಮಾಡುತ್ತದೆ. ಒಂದು, ಬಾಗಿಲು ಮುಚ್ಚಿಡುತ್ತದೆ. ಇನ್ನೊಂದು, ‘ಈ ಮನೆಯಲ್ಲಿ ಯಾರೂ ಇಲ್ಲ’ ಎಂದು ಬೀದಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತದೆ. ಮೊದಲನೆಯ ಕೆಲಸವನ್ನು ಅದು ಒಂದು ಹಾರೆ ಬರುವವರೆಗೆ ಮಾತ್ರ ಮಾಡುತ್ತದೆ. ಎರಡನೆಯದನ್ನು ಹಗಲು ರಾತ್ರಿ ಬಿಡದೆ ಮಾಡುತ್ತದೆ. ಮನೆಯ ಭದ್ರತೆ ಎಂದಾಗ ನಾವು ಯೋಚಿಸುವುದು ಮೊದಲನೆಯದರ ಬಗ್ಗೆ ಮಾತ್ರ: ಇನ್ನೂ ದಪ್ಪ ಬೀಗ, ಇನ್ನೊಂದು ಗ್ರಿಲ್, ನಾಲ್ಕು ಕ್ಯಾಮೆರಾ. ಎರಡನೆಯದರ ಬಗ್ಗೆ, ಅಂದರೆ ಮನೆ ಖಾಲಿಯಿದೆ ಎಂಬ ಸುದ್ದಿಯ ಬಗ್ಗೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಕಳ್ಳನಿಗೆ ಮೊದಲು ಬೇಕಾಗಿರುವುದು ಆ ಸುದ್ದಿಯೇ.

ನಾನು ಮಾಗಡಿ ತಾಲ್ಲೂಕಿನ ಕಲ್ಯದವನು, ಬಿ.ಇ. ಓದುತ್ತಿದ್ದೇನೆ. ನಮ್ಮ ಕಡೆಯ ಹಳ್ಳಿಗಳಿಗೆ ಬೆಂಗಳೂರು ಹತ್ತಿರ. ಹತ್ತಿರ ಅನ್ನುವುದು ಅನುಕೂಲವೂ ಹೌದು, ತೊಂದರೆಯೂ ಹೌದು. ಬೆಳಗಿನ ಬಸ್ಸಿಗೆ ಗಾರ್ಮೆಂಟ್ಸ್‌ಗೆ, ಕಾರ್ಖಾನೆಗೆ, ಕಾಲೇಜಿಗೆ ಹೋಗುವವರು ಹೋಗಿಬಿಡುತ್ತಾರೆ. ಉಳಿದವರು ಹೊಲಕ್ಕೆ, ತೋಟಕ್ಕೆ, ಹಿಪ್ಪುನೇರಳೆ ಸೊಪ್ಪು ಕುಯ್ಯುವುದಕ್ಕೆ ಹೊರಡುತ್ತಾರೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಮೇಲೆ ಸಂಜೆ ಮತ್ತೆ ಡೇರಿಗೆ ಬರುವವರೆಗೆ ಎಷ್ಟೋ ಬೀದಿಗಳಲ್ಲಿ ಒಂದಿಬ್ಬರು ಅಜ್ಜಿಯರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಕೆಲವು ಮನೆಗಳಂತೂ ಯುಗಾದಿಗೆ, ಗೌರಿ ಹಬ್ಬಕ್ಕೆ, ಊರ ಜಾತ್ರೆಗೆ ಮಾತ್ರ ಬಾಗಿಲು ತೆರೆಯುತ್ತವೆ. ಕಳ್ಳರು ರಾತ್ರಿ ಬರುತ್ತಾರೆ ಎಂಬುದು ಹಳೆಯ ನಂಬಿಕೆ. ಪೊಲೀಸರ ದಾಖಲೆಗಳಲ್ಲಿ ‘ರಾತ್ರಿ ಕನ್ನ ಕಳವು’ ಇರುವ ಹಾಗೆಯೇ ‘ಹಗಲು ಕನ್ನ ಕಳವು’ ಎಂಬ ಬೇರೆಯೇ ವಿಭಾಗ ಇದೆ.

‘ಕನ್ನ’ ಎಂಬ ಮಾತನ್ನೇ ನೋಡಿ. ಕಳ್ಳರು ಮಣ್ಣಿನ ಗೋಡೆಗೆ ಕೊರೆಯುತ್ತಿದ್ದ ಕಂಡಿಗೆ ಆ ಹೆಸರು. ಆಗ ಬಾಗಿಲು ಗಟ್ಟಿ ಹಲಗೆಯದ್ದು, ಗೋಡೆ ಮೆತ್ತಗಿನದ್ದು. ಈಗ ಗೋಡೆ ಸಿಮೆಂಟಿನದ್ದು, ಮೇಲೆ ಆರ್‌ಸಿಸಿ. ಆದರೆ ಬಾಗಿಲು ತೆಳ್ಳಗಾಗಿದೆ. ಗೋಡೆಗೆ ಕನ್ನ ಹಾಕುವ ಶ್ರಮ ಈಗ ಯಾರಿಗೂ ಬೇಕಿಲ್ಲ.

ಕಾಲೇಜಿನಲ್ಲಿ ನಮಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ಯಾವುದೇ ರಚನೆ ಅದರ ಅತ್ಯಂತ ದುರ್ಬಲ ಭಾಗದಲ್ಲಿ ಸೋಲುತ್ತದೆ ಎಂಬುದು. ಬಾಗಿಲೂ ಹಾಗೆಯೇ. ಬೀಗಕ್ಕೆ ಸಾವಿರ ರೂಪಾಯಿ ಕೊಡುತ್ತೇವೆ. ಆ ಬೀಗ ನೇತಾಡುವುದು ಒಂದು ಚಿಲಕದಲ್ಲಿ, ಆ ಚಿಲಕ ನಿಂತಿರುವುದು ಅರ್ಧ ಇಂಚಿನ ನಾಲ್ಕು ಸ್ಕ್ರೂಗಳ ಮೇಲೆ. ಹಾರೆ ಹಾಕಿ ಮೀಟಿದರೆ ಬೀಗ ಮುರಿಯುವುದಿಲ್ಲ, ಸ್ಕ್ರೂಗಳು ಕಿತ್ತು ಬರುತ್ತವೆ. ಬೀಗ ಬದಲಾಯಿಸುವುದಕ್ಕಿಂತ ಸ್ಕ್ರೂ ಬದಲಾಯಿಸುವುದು ಅಗ್ಗ. ಚಿಲಕಕ್ಕೆ ಬಾಗಿಲನ್ನು ತೂರಿ ಒಳಗಡೆ ನಟ್ಟು ಬಿಗಿಯುವ ಬೋಲ್ಟ್ ಹಾಕಿಸಬಹುದು. ಚೌಕಟ್ಟಿಗೆ ಮರದೊಳಕ್ಕೆ ಆಳವಾಗಿ ಇಳಿಯುವ ಮೂರು ಇಂಚಿನ ಸ್ಕ್ರೂ ಸಾಕು. ಕಿಟಕಿಯ ಗ್ರಿಲ್ಲಿನ ಸ್ಕ್ರೂಗಳು ಹೊರಗಡೆಯಿಂದ ಕಾಣುತ್ತಿದ್ದರೆ ಒಂದು ಸ್ಕ್ರೂಡ್ರೈವರ್ ಸಾಕು, ಆ ಗ್ರಿಲ್ ಇದ್ದೂ ಇಲ್ಲದಂತೆ. ಸಾಧ್ಯವಾದರೆ ಹೊರಗೆ ನೇತಾಡುವ ಬೀಗದ ಬದಲು ಬಾಗಿಲಿನೊಳಗೇ ಕೂರುವ ಇಂಟರ್‌ಲಾಕ್ ಹಾಕಿಸುವುದು ಒಳ್ಳೆಯದು. ಅದು ಹೆಚ್ಚು ಗಟ್ಟಿ ಎನ್ನುವುದಕ್ಕಿಂತ, ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬುದನ್ನು ಅದು ಹೊರಗೆ ಹೇಳುವುದಿಲ್ಲ.

ಇನ್ನು ಹಿತ್ತಿಲು. ಮುಂಬಾಗಿಲಿಗೆ ತೇಗ, ಹಿತ್ತಿಲಿಗೆ ತಗಡು ಎಂಬುದು ನಮ್ಮಲ್ಲಿ ಬಹುಪಾಲು ಮನೆಗಳ ಲೆಕ್ಕ. ತೆಂಗಿನ ಮರಕ್ಕೆ ಹತ್ತುವ ಏಣಿ ಗೋಡೆಗೆ ಒರಗಿರುತ್ತದೆ. ಹಾರೆ, ಪಿಕಾಸಿ, ಗುದ್ದಲಿ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತವೆ. ಬರುವವನು ಬರಿಗೈಯಲ್ಲಿ ಬಂದರೂ ಸಲಕರಣೆಗಳನ್ನು ನಾವೇ ಒದಗಿಸಿರುತ್ತೇವೆ. ಬೀಗದ ಕೈ ಹೂಕುಂಡದ ಕೆಳಗೆ, ಸಜ್ಜೆಯ ಮೇಲೆ, ಚಪ್ಪಲಿ ಸ್ಟ್ಯಾಂಡಿನ ಒಳಗೆ ಇರುತ್ತದೆ ಎಂಬುದು ಇಡೀ ಊರಿಗೆ ಗೊತ್ತಿರುವ ಗುಟ್ಟು. ಇವನ್ನೆಲ್ಲ ಸರಿಪಡಿಸಲು ಹೆಚ್ಚು ದುಡ್ಡು ಬೇಡ, ಒಂದು ಭಾನುವಾರ ಸಾಕು.

ಕ್ಯಾಮೆರಾ ಹಾಕಿಸಿದರೆ ಆಯಿತಲ್ಲ ಎನ್ನುವವರು ನ್ಯಾಮತಿಯನ್ನು ನೆನಪಿಸಿಕೊಳ್ಳಬೇಕು. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ಆ ಊರಿನ ಎಸ್‌ಬಿಐ ಶಾಖೆಗೆ ಕಿಟಕಿಯ ಸರಳು ಕಿತ್ತು ನುಗ್ಗಿದವರು 17 ಕಿಲೋಗೂ ಹೆಚ್ಚು ಚಿನ್ನ ಹೊತ್ತೊಯ್ದರು. ಹೋಗುವಾಗ ಸಿಸಿಟಿವಿಯ ಡಿವಿಆರ್ ಕೂಡ ತೆಗೆದುಕೊಂಡು ಹೋದರು. ಪೊಲೀಸರು ಐದು ತಿಂಗಳು ಬೆನ್ನುಹತ್ತಿ, ತಮಿಳುನಾಡಿನ ಮದುರೈ ಜಿಲ್ಲೆಯ ಒಂದು ಬಾವಿಯಲ್ಲಿ ಅಡಗಿಸಿಟ್ಟಿದ್ದ ಚಿನ್ನವನ್ನು 2025ರ ಮಾರ್ಚ್ ಕೊನೆಯ ಹೊತ್ತಿಗೆ ಪತ್ತೆ ಮಾಡಿದರು. ಬ್ಯಾಂಕಿನ ಗತಿಯೇ ಹೀಗಾದರೆ, ಟಿವಿಯ ಪಕ್ಕದಲ್ಲೇ ಡಿವಿಆರ್ ಇಡುವ ನಮ್ಮ ಮನೆಗಳ ಗತಿ ಏನು? ಕ್ಯಾಮೆರಾ ಬೇಡ ಎನ್ನುತ್ತಿಲ್ಲ. ಅದು ಹೆಚ್ಚೆಂದರೆ ನಡೆದದ್ದಕ್ಕೆ ಸಾಕ್ಷಿ, ತಡೆಯುವ ಕೈ ಅಲ್ಲ. ಹಾಕಿಸುವುದಾದರೆ ಡಿವಿಆರ್ ಕಾಣದ ಜಾಗದಲ್ಲಿರಲಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಅನ್ನು ಮೊದಲ ದಿನವೇ ಬದಲಾಯಿಸಿ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿದ್ದು ಯಾವ ಮಹಾ ಬುದ್ಧಿವಂತಿಕೆಯಿಂದಲೂ ಅಲ್ಲ. ಯಾರೂ ಬದಲಾಯಿಸದೆ ಬಿಟ್ಟಿದ್ದ ಆ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಹಾಕಿ ನೋಡಿತು, ಅಷ್ಟೇ.

ಈಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿಷಯಕ್ಕೆ ಬರುತ್ತೇನೆ. ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ‘ಸ್ಮಾರ್ಟ್ ಹೋಮ್ ಸೆಕ್ಯುರಿಟಿ’ ಇಲ್ಲದಿರುವುದು ಅಪರೂಪ. ಒಂದು ಪಿಐಆರ್ ಸೆನ್ಸರ್, ಒಂದು ಆರ್ಡುಯಿನೋ, ಒಂದು ಜಿಎಸ್‌ಎಂ ಮಾಡ್ಯೂಲ್. ಬೆಚ್ಚಗಿನ ಮೈಯೊಂದು ಎದುರಿಗೆ ಹಾದರೆ ಅದರ ಅವಗೆಂಪು ಕಿರಣಗಳ ವ್ಯತ್ಯಾಸವನ್ನು ಸೆನ್ಸರ್ ಗುರುತಿಸುತ್ತದೆ, ಕೂಡಲೇ ಮನೆ ಮಾಲೀಕನ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಆದರೆ ಮಾಲೀಕ ಎಲ್ಲಿದ್ದಾನೆ? ಪೀಣ್ಯದಲ್ಲೋ ಬಿಡದಿಯಲ್ಲೋ ಶಿಫ್ಟಿನಲ್ಲಿದ್ದಾನೆ. ಮೆಸೇಜ್ ನೋಡಿ ಅವನು ಬಸ್ಸು ಹಿಡಿದು ಊರು ಸೇರುವ ಹೊತ್ತಿಗೆ ಬೀರು ಖಾಲಿ. ಅದೇ ಹೊತ್ತಿನಲ್ಲಿ ಐವತ್ತು ಅಡಿ ದೂರದ ಪಕ್ಕದ ಮನೆಯಲ್ಲಿ ಒಬ್ಬರು ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ. ಅವರಿಗೆ ಯಾರೂ ಏನನ್ನೂ ಹೇಳಿರುವುದಿಲ್ಲ. ಸರ್ಕ್ಯೂಟಿನಲ್ಲಿ ಏನೂ ದೋಷವಿಲ್ಲ. ಮೆಸೇಜ್ ಹೋಗಬೇಕಾದ ನಂಬರ್ ಬೇರೆ ಇತ್ತು.

ಕಳ್ಳರೇ ಇದಕ್ಕೆ ಸಾಕ್ಷಿ ಹೇಳಿದ್ದಾರೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಷಾರ್ಲಟ್ ಕೇಂದ್ರದ ಸಂಶೋಧಕರು ಜೈಲಿನಲ್ಲಿದ್ದ 422 ಕನ್ನಗಳ್ಳರನ್ನು ಪ್ರಶ್ನಿಸಿ ಒಂದು ಅಧ್ಯಯನ ಮಾಡಿದ್ದರು. ಯಾವ ಮನೆಯನ್ನು ಬಿಟ್ಟು ಮುಂದೆ ಹೋಗುತ್ತೀರಿ ಎಂಬುದಕ್ಕೆ ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಅಲಾರಂ, ಕ್ಯಾಮೆರಾಗಳ ಜೊತೆಗೆ ಸುತ್ತಮುತ್ತ ಜನ ಇರುವುದೂ, ತಪ್ಪಿಸಿಕೊಳ್ಳುವ ದಾರಿ ಇಲ್ಲದಿರುವುದೂ ಇದ್ದವು. ಕಳ್ಳನಿಗೆ ಬೀಗಕ್ಕಿಂತ ಹೆಚ್ಚಿನ ಹೆದರಿಕೆ, ಯಾರಾದರೂ ನೋಡಿಬಿಟ್ಟಾರು ಎಂಬುದರದು.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಬಡಾವಣೆಯ ಕಥೆ ಇನ್ನೂ ಹತ್ತಿರದ್ದು. 1980ರ ದಶಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಆ ಬಡಾವಣೆಯಲ್ಲಿ ಕನ್ನ ಕಳವು ವಿಪರೀತವಾಗಿತ್ತು. ಒಮ್ಮೆ ಕಳವಾದ ಮನೆಯೇ ಮತ್ತೆ ಕಳವಾಗುವ ಸಾಧ್ಯತೆ ಉಳಿದ ಮನೆಗಳಿಗಿಂತ ಬಹಳ ಹೆಚ್ಚು ಎಂಬುದನ್ನು ಅಧ್ಯಯನಕಾರರು ಗಮನಿಸಿದರು. ಇಡೀ ಬಡಾವಣೆಗೆ ಕಾವಲು ಹಾಕುವ ಬದಲು, ಕಳವಾದ ಮನೆಯ ಸುತ್ತಲಿನ ಸುಮಾರು ಆರು ಮನೆಯವರನ್ನು ಒಂದುಗೂಡಿಸಿ ‘ಈ ಮನೆಯ ಮೇಲೆ ಕಣ್ಣಿಡಿ’ ಎಂದು ಕೇಳಿಕೊಂಡರು. ಅದಕ್ಕೆ ಅವರು ಇಟ್ಟ ಹೆಸರು ‘ಕಕೂನ್’, ಅಂದರೆ ನಮ್ಮ ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು. ಬಾಗಿಲು, ಕಿಟಕಿಗಳನ್ನು ಭದ್ರಪಡಿಸಿದರು. ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಅಲ್ಲಿನ ಮನೆಗಳಲ್ಲಿ ನಾಣ್ಯ ಹಾಕಿದರೆ ಗ್ಯಾಸ್, ವಿದ್ಯುತ್ ಬರುವ ಮೀಟರ್‌ಗಳಿದ್ದವು. ಕಳ್ಳರು ಆ ನಾಣ್ಯದ ಪೆಟ್ಟಿಗೆಯನ್ನೇ ಒಡೆಯುತ್ತಿದ್ದರು. ಅಂಥ ಮೀಟರ್‌ಗಳನ್ನು ತೆಗೆಸಿದರು. ಮೊದಲ ವರ್ಷದಲ್ಲೇ ಕಳವು ಅರ್ಧಕ್ಕಿಂತ ಕೆಳಗೆ ಇಳಿಯಿತು.

ನಮ್ಮ ಮನೆಗಳ ನಾಣ್ಯದ ಪೆಟ್ಟಿಗೆ ಯಾವುದು? ಬೀರುವಿನಲ್ಲಿರುವ ಒಡವೆ. ಮದುವೆಗೆಂದು ಮಾಡಿಸಿದ್ದು, ಅಜ್ಜಿ ಕೊಟ್ಟದ್ದು, ಚೀಟಿ ಹಣದಿಂದ ತಂದದ್ದು, ಎಲ್ಲವೂ ಸೀರೆಗಳ ನಡುವೆ. ಹಾಲಿನ ದುಡ್ಡು ಈಗ ಬ್ಯಾಂಕಿಗೆ ಬರುತ್ತದೆ, ಚಿನ್ನ ಮಾತ್ರ ಇನ್ನೂ ಮನೆಯಲ್ಲೇ ಕೂತಿದೆ. ವರ್ಷಕ್ಕೆ ನಾಲ್ಕು ಸಲ ಹಾಕಿಕೊಳ್ಳುವ ಒಡವೆಗೆ ಬ್ಯಾಂಕ್ ಲಾಕರ್ ಇದೆ. ರಿಸರ್ವ್ ಬ್ಯಾಂಕಿನ 2022ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ದರೋಡೆಯಂಥ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ಅದು ಪೂರ್ತಿ ರಕ್ಷಣೆಯಲ್ಲ ನಿಜ. ಆದರೂ ತಗಡಿನ ಬಾಗಿಲಿನ ಹಿಂದಿನ ಬೀರುವಿಗಿಂತ ಎಷ್ಟೋ ಮೇಲು. ಒಡವೆಗಳ ಫೋಟೊ, ಬಿಲ್ಲು ಒಂದು ಕಡೆ ಇರಲಿ. ದೂರು ಕೊಡುವಾಗಲೂ, ಸಿಕ್ಕ ಮಾಲು ನಮ್ಮದೆಂದು ತೋರಿಸುವಾಗಲೂ ಬೇಕಾಗುತ್ತದೆ.

ಮನೆ ಖಾಲಿ ಎಂಬ ಸುದ್ದಿ ಹೊರಗೆ ಹೋಗುವುದು ಬೀಗದಿಂದ ಮಾತ್ರವಲ್ಲ. ನಮ್ಮ ಊರುಗಳಲ್ಲಿ ಬೆಳಗಾದರೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾರೆ. ಮೂರು ದಿನ ರಂಗೋಲಿ ಇಲ್ಲದ ಅಂಗಳ, ಕಸ ಗುಡಿಸದ ಜಗಲಿ, ಹಗಲಲ್ಲೂ ಉರಿಯುವ ಹೊರಗಿನ ಬಲ್ಬು, ಗೇಟಿಗೆ ಸಿಕ್ಕಿಸಿದ ಪತ್ರಿಕೆಗಳ ಕಂತೆ, ಇವನ್ನೆಲ್ಲ ಓದಲು ಯಾವ ವಿದ್ಯೆಯೂ ಬೇಡ. ಇದರ ಮೇಲೆ ನಾವು ಹುಡುಗರು ‘ಫ್ಯಾಮಿಲಿ ಟ್ರಿಪ್, ಮೂರು ದಿನ ಧರ್ಮಸ್ಥಳ’ ಎಂದು ಹೊರಡುವ ಮೊದಲೇ ಸ್ಟೇಟಸ್ ಹಾಕುತ್ತೇವೆ. ಬಂದ ಮೇಲೆ ಹಾಕಿದರೆ ಫೋಟೊದ ಬಣ್ಣ ಮಾಸುವುದಿಲ್ಲ. ಟೈಮರ್ ಇರುವ ದೀಪವನ್ನೋ ಸೆನ್ಸರ್ ದೀಪವನ್ನೋ ಹಾಕಿಸಬಹುದು, ಒಳ್ಳೆಯದೇ. ಆದರೆ ಅಂಗಳ ಗುಡಿಸಿ ರಂಗೋಲಿ ಬಿಡುವ ಯಂತ್ರ ಇಲ್ಲ. ಅದಕ್ಕೆ ಪಕ್ಕದ ಮನೆಯವರೇ ಬೇಕು. ‘ಅಕ್ಕಾ, ಮೂರು ದಿನ ನಮ್ಮ ಬಾಗಿಲಿಗೂ ನೀರು ಹಾಕಿ’ ಎಂಬ ಒಂದು ಮಾತಿಗೆ ಯಾವ ಕಂಪನಿಯ ಗ್ಯಾಜೆಟ್ಟೂ ಸಮವಲ್ಲ.

ಪಕ್ಕದವರನ್ನೇ ನಂಬುವುದು ಹೇಗೆ, ಸುಳಿವು ಕೊಡುವವರು ಅವರೇ ಆದರೆ ಎಂದು ಕೇಳುವವರಿದ್ದಾರೆ. ಆದರೆ ನಾವು ಹೇಳಲಿ ಬಿಡಲಿ, ನಾವು ಊರಲ್ಲಿಲ್ಲದ ವಿಷಯ ಪಕ್ಕದವರಿಗೆ ಹೇಗೂ ಗೊತ್ತಾಗುತ್ತದೆ. ಹೇಳದೆ ಹೋದರೆ ಅವರು ಬರೀ ನೋಡುವವರು. ಹೇಳಿ ಹೋದರೆ ಅವರ ಮೇಲೆ ಒಂದು ಹೊಣೆ ಬರುತ್ತದೆ. ಒಬ್ಬರಿಗೆ ಹೇಳಲು ಅಳುಕಾದರೆ ಮೂರು ಮನೆಗೆ ಹೇಳಿ.

ಇದು ಹೊಸ ವಿಚಾರವೇನಲ್ಲ, ನಮ್ಮ ಊರಿನ ಕಲ್ಲಿಗೇ ಗೊತ್ತಿದ್ದ ವಿಚಾರ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ವಿಜಯನಗರದ ಬುಕ್ಕರಾಯ ರಾಜಿ ಮಾಡಿಸಿದ್ದನ್ನು ಹೇಳುವ ಶಾಸನ ಶ್ರವಣಬೆಳಗೊಳದಲ್ಲಿದೆ. ಅರಸನಲ್ಲಿ ದೂರು ಕೊಂಡೊಯ್ದವರಲ್ಲಿ ಕಲ್ಲೆಹದ ಪಟ್ಟಣದ ಜೈನರೂ ಇದ್ದರು. ಆ ಕಲ್ಲೆಹವೇ ಇಂದಿನ ಕಲ್ಯ. ಆ ರಾಜಿಯ ಶಾಸನ ಕಲ್ಯದಲ್ಲೂ ಇದೆ. ಎರಡೂ ಕಡೆಯವರ ಕೈ ಕೂಡಿಸಿದ್ದನ್ನು ನಾವು ಪಠ್ಯದಲ್ಲಿ ಓದಿರುತ್ತೇವೆ. ಮುಂದಿನ ಸಾಲುಗಳನ್ನು ಯಾರೂ ಹೇಳುವುದಿಲ್ಲ. ಬೆಳಗೊಳದ ಶಾಸನದ ಪ್ರಕಾರ ಜೈನರು ಮನೆಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಉಳಿದದ್ದರಲ್ಲಿ ಜೀರ್ಣವಾದ ಬಸದಿಗಳನ್ನು ದುರಸ್ತಿ ಮಾಡಿಸಬೇಕು. ಇದನ್ನು ನಡೆಸುವ ಹೊಣೆ ಯಾರದು? ಜೈನರದ್ದಲ್ಲ, ತಿರುಮಲೆಯ ತಾತಯ್ಯನದು, ಅಂದರೆ ಶ್ರೀವೈಷ್ಣವರ ಕಡೆಯವರದು. ಯಾರ ಮೇಲೆ ಅನುಮಾನವಿತ್ತೋ ಅವರಿಗೇ ಕಾವಲಿನ ಹೊಣೆ. ಪ್ರತಿ ಮನೆಯಿಂದ ಸಣ್ಣ ಪಾಲು, ಕಾವಲು, ಮಿಕ್ಕಿದ್ದರಲ್ಲಿ ದುರಸ್ತಿ: ಒಂದು ಬೀದಿಯ ಭದ್ರತೆಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಯೋಜನೆ ನನಗೆ ತೋರುತ್ತಿಲ್ಲ.

ನಂತರದ ಕಾಲದಲ್ಲಿ ಹಳ್ಳಿ ಕಾಯುವ ಕೆಲಸ ತಳವಾರ, ತೋಟಿಗಳ ತಲೆಗೆ ಬಂತು. ಅದು ವಂಶಪಾರಂಪರ್ಯದ, ಜಾತಿಗೆ ಕಟ್ಟಿದ ಚಾಕರಿ. ಅಂಥ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿದ್ದು ಸರಿಯೇ. ಮೂರು ವರ್ಷದ ಬಳಿಕ, 1964ರಲ್ಲಿ, ಊರವರೇ ಸೇರಿ ಕಾಯುವ ಗ್ರಾಮ ರಕ್ಷಣಾ ದಳಗಳಿಗೆಂದು ಪ್ರತ್ಯೇಕ ಕಾನೂನು ಬಂತು. 2017ರಲ್ಲಿ ಪೊಲೀಸ್ ಇಲಾಖೆ ಸುಧಾರಿತ ಬೀಟ್ ವ್ಯವಸ್ಥೆ ತಂದಿತು, 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಎಲ್ಲದರ ಹಿಂದಿನ ಯೋಚನೆ ಒಂದೇ: ಪೊಲೀಸರಿಗೆ ಬೀದಿ ಗೊತ್ತಿರಬೇಕು, ಬೀದಿಗೆ ಪೊಲೀಸರು ಗೊತ್ತಿರಬೇಕು. ನಿಮ್ಮ ಬೀಟ್‌ನ ಪೊಲೀಸ್ ಸಿಬ್ಬಂದಿಯ ಹೆಸರು, ನಂಬರ್ ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಠಾಣೆಗೆ ಹೋಗಿ ಕೇಳಬಹುದು. ಸರ್ಕಾರಿ ಕೆಲಸಕ್ಕೆ ಓದುತ್ತಿರುವವರಿಗೆ ಠಾಣೆಯ ಮೆಟ್ಟಿಲು ಹತ್ತುವ ಅಳುಕು ಹೋಗುವುದಕ್ಕೂ ಅದು ಒಳ್ಳೆಯ ಅಭ್ಯಾಸ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕಣ್ಣಿಡುವುದು ಬೇರೆ, ಅನುಮಾನಿಸುವುದು ಬೇರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅವರು ಸ್ನೇಹಿತರ ಜೊತೆ ಬಂದವರು, ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅಪರಾಧವಾಯಿತು. ಬ್ರಿಟಿಷರು 1871ರ ಕಾಯ್ದೆಯಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿದ್ದರು. 1952ರಲ್ಲಿ ಆ ಕಾಯ್ದೆ ಹೋಯಿತು, ಆದರೆ ಊರಲ್ಲಿ ಕಳ್ಳತನವಾದರೆ ಮೊದಲು ಅಲೆಮಾರಿಗಳ ಟೆಂಟಿನ ಕಡೆ ನೋಡುವ ಚಾಳಿ ಹೋಗಿಲ್ಲ. ಬೆಡ್‌ಶೀಟ್ ಮಾರುವವರು, ಗಿಣಿಶಾಸ್ತ್ರ ಹೇಳುವವರು, ಬಿಹಾರ, ಒಡಿಶಾದಿಂದ ಬಂದ ಕೂಲಿಯವರು, ಇವರ ಫೋಟೊ ಹೊಡೆದು ‘ಎಚ್ಚರ’ ಎಂದು ಫಾರ್ವರ್ಡ್ ಮಾಡುವುದು ಭದ್ರತೆಯಲ್ಲ. ಅದು ನಾಳೆ ಒಬ್ಬರ ಜೀವ ತೆಗೆಯಬಹುದು. ಬೀರುವಿನ ಒಡವೆ ಹೋದರೆ ಮತ್ತೆ ಸಂಪಾದಿಸಬಹುದು.

ಆದ್ದರಿಂದ ಬೀದಿಯ ಗುಂಪಿಗೆ ಎರಡು ನಿಯಮ ಇರಲೇಬೇಕು. ಒಂದು, ಗಮನ ಇಡಬೇಕಾದ್ದು ಬಾಗಿಲಿನ ಮೇಲೆ, ಮನುಷ್ಯನ ಮುಖ, ಬಟ್ಟೆ, ಭಾಷೆಯ ಮೇಲಲ್ಲ. ಊರಿಗೆ ಹೋದವರ ಬಾಗಿಲು ತೆರೆದಿದ್ದರೆ, ಹಿತ್ತಿಲಲ್ಲಿ ಸದ್ದಾದರೆ ಅದು ಸುದ್ದಿ. ಬೀದಿಯಲ್ಲಿ ಹೊಸಬರು ನಡೆದು ಹೋದರೆ ಅದು ಸುದ್ದಿಯಲ್ಲ. ಎರಡು, ಏನಾದರೂ ಕಂಡರೆ ದೀಪ ಹಾಕಿ, ಕೂಗು ಹಾಕಿ, 112ಕ್ಕೆ ಫೋನ್ ಮಾಡಿ. ಯಾರೂ ಕೈ ಎತ್ತಬಾರದು. ಕಳವಾದ ಮೇಲೆ ಏನನ್ನೂ ಮುಟ್ಟದೆ ಪೊಲೀಸರಿಗೆ ಕಾಯಬೇಕು, ಬೆರಳಚ್ಚು ಉಳಿಯುವುದು ಹಾಗೆಯೇ. ವಾಸದ ಮನೆಯಲ್ಲಿ ಕಳವು ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಸೆಕ್ಷನ್ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಶಿಕ್ಷೆ ಕೊಡುವ ಕೆಲಸ ನ್ಯಾಯಾಲಯದ್ದು.

ಈ ಕೆಲಸ ನಾವೇ ಯಾಕೆ ಮಾಡಬೇಕು? ಊರ ಮನೆಗಳಿಗೆ ಬೀಗ ಬೀಳಲು ದೊಡ್ಡ ಕಾರಣ ನಾವೇ, ಅಂದರೆ ಓದಿಗೆ, ಕೆಲಸಕ್ಕೆ ಊರು ಬಿಟ್ಟವರು. ಅದು ತಪ್ಪಲ್ಲ. ಆದರೆ ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಮೊಬೈಲಿನಲ್ಲಿ ಅಪ್ಪ ಅಮ್ಮನ ಅಂಗಳ ನೋಡಿದರೆ ನಮ್ಮ ಪಾಲಿನ ಕರ್ತವ್ಯ ಮುಗಿಯಿತು ಎಂದುಕೊಳ್ಳುವುದು ಸರಿಯಲ್ಲ. ಅಮ್ಮ ಜಾರಿ ಬಿದ್ದರೂ, ಕೊಟ್ಟಿಗೆಗೆ ಬೆಂಕಿ ತಗುಲಿದರೂ, ಕಳ್ಳ ಬಂದರೂ ಮೊದಲು ಓಡಿ ಬರುವವರು ಪಕ್ಕದ ಮನೆಯವರು. ಅವರ ಜೊತೆ ನಮಗೆ ಮಾತುಕತೆ ಇಲ್ಲ, ಬೇಲಿಯ ತಕರಾರೋ ಪಂಚಾಯಿತಿ ಚುನಾವಣೆಯ ಮುನಿಸೋ ಇದೆ ಎಂದಾದರೆ, ಎಷ್ಟು ಕ್ಯಾಮೆರಾ ಹಾಕಿಸಿದರೂ ನಮ್ಮ ಮನೆ ಒಂಟಿಯೇ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಇಷ್ಟು ಮಾಡಿ ನೋಡಿ. ಅಕ್ಕಪಕ್ಕದ, ಎದುರಿನ, ಹಿಂದಿನ ಐದಾರು ಮನೆಯವರ ನಂಬರ್ ಬರೆದು ಅಪ್ಪ ಅಮ್ಮನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಸೇವ್ ಮಾಡಿ. ಮನೆಗೆ ಐವತ್ತೋ ನೂರೋ ಸೇರಿಸಿ ಎಲ್ಲರ ಹಿತ್ತಿಲ ಬಾಗಿಲಿಗೂ ಬೋಲ್ಟ್, ಉದ್ದನೆಯ ಸ್ಕ್ರೂ ಹಾಕಿಕೊಡಿ. ಡ್ರಿಲ್ ಹಿಡಿಯಲು ಬರುವ ಹುಡುಗ ಹುಡುಗಿಯರು ಪ್ರತಿ ಬೀದಿಯಲ್ಲೂ ಇದ್ದೇವೆ. ಕೆಟ್ಟ ಬೀದಿ ದೀಪಕ್ಕೆ ಗ್ರಾಮ ಪಂಚಾಯಿತಿಗೆ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಯಾರು ಊರಿಗೆ ಹೋದರೂ ಅವರ ಅಂಗಳ ಗುಡಿಸುವವರು ಯಾರು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಪ್ರಾಜೆಕ್ಟ್ ಮಾಡುವ ಗೆಳೆಯರು ಕೋಡ್‌ನಲ್ಲಿ ಒಂದೇ ಒಂದು ಸಾಲು ಬದಲಾಯಿಸಿ: ಮಾಲೀಕನ ನಂಬರ್ ಜೊತೆಗೆ ಮೂರು ನೆರೆಯವರ ನಂಬರ್ ಸೇರಿಸಿ. ಅದನ್ನು ಸೇರಿಸುವ ಮೊದಲು ಆ ಮೂರು ಮನೆಗೆ ಹೋಗಿ ಕೇಳಬೇಕಾಗುತ್ತದೆ. ಇಡೀ ಪ್ರಾಜೆಕ್ಟಿನಲ್ಲಿ ನಿಜವಾಗಿ ಕಷ್ಟದ ಭಾಗ ಅದೇ. ಮಾರ್ಕ್ಸ್ ಕೊಡುವವರು ಅದಕ್ಕೆ ಮಾರ್ಕ್ಸ್ ಕೊಡಲಿಕ್ಕಿಲ್ಲ. ಆದರೂ ಮಾಡಬೇಕು.